100ಕೆ ಪಾಟ್ ಹಾಕಿದರೂ ವಾ ಪೆಡಲ್ ಯಾಕೆ ‘ವಾ’ ಅನ್ನುತ್ತಿಲ್ಲ?

ಪ್ರಶ್ನೆ: ಸರ್, ನಮ್ಮ ಚಿಕ್ಕಪ್ಪ ಮೊದಲು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಅವರ ಹಳೆಯ ವಾ ಪೆಡಲ್, ಅಂದರೆ ಕಾಲಿನಿಂದ ಒತ್ತಿ ಗಿಟಾರಿನಿಂದ ‘ವಾ’ ಸದ್ದು ತೆಗೆಯುವ ಸಾಧನ, ಈಗ ನನ್ನ ಹತ್ತಿರ ಇದೆ. ತಳದಲ್ಲಿ ‘ಮೇಡ್ ಇನ್ ಇಟಲಿ’ ಎಂದು ಬರೆದಿದೆ. ಕಾಲಿಟ್ಟರೆ ಕರಕರ ಅನ್ನುತ್ತಿತ್ತು. ಬೀದರ್‌ನಲ್ಲೇ ಒಂದು ರೇಡಿಯೋ ರಿಪೇರಿ ಅಂಗಡಿಗೆ ಕೊಟ್ಟೆ. ಅವರು ಹಳೆಯ ವಾಲ್ಯೂಮ್ ಕಂಟ್ರೋಲ್, ಅಂದರೆ ಪಾಟ್ ತೆಗೆದು, ಹೊಸ 100ಕೆ (ಒಂದು ಲಕ್ಷ ಓಮ್) ಪಾಟ್ ಹಾಕಿದರು. ಕರಕರ ಸ್ವಲ್ಪ ದಿನ ನಿಂತು ಮತ್ತೆ ಶುರುವಾಗಿದೆ. ಅದಕ್ಕಿಂತ ಬೇಜಾರು ಅಂದ್ರೆ ‘ವಾ’ ಸದ್ದೇ ಬರುತ್ತಿಲ್ಲ. ಪೆಡಲ್ ಮುಕ್ಕಾಲು ಭಾಗ ಒತ್ತುವವರೆಗೆ ಏನೂ ಗೊತ್ತಾಗಲ್ಲ, ಕೊನೆಗೆ ಒಮ್ಮೆಲೇ ಕೀರಲು ಸದ್ದು ಬರುತ್ತದೆ. ಒರಿಜಿನಲ್ ಪಾಟ್ ಎಲ್ಲಿ ಸಿಗುತ್ತದೆ? ಹೈದರಾಬಾದಿನ ಕೋಠಿಗೆ ಹೋಗಿ ಹುಡುಕಲೇ?

ಉತ್ತರ: ಕೋಠಿಗೆ ಹೋಗೋದನ್ನು ಸದ್ಯಕ್ಕೆ ಮುಂದೂಡಿ. ಬೀದರ್‌ನಿಂದ ಜಹೀರಾಬಾದ್ ದಾಟಿ ಹೈದರಾಬಾದ್ ಮುಟ್ಟೋದು ನಮ್ಮ ಕಡೆಯವರಿಗೆ ದೊಡ್ಡ ಮಾತಲ್ಲ. ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ ಸಾಮಾನಿಗೇನೂ ಬರಗಾಲವಿಲ್ಲ. ಆದರೆ ಅಲ್ಲಿ ಹೋಗಿ ‘100ಕೆ ಪಾಟ್ ಕೊಡಿ’ ಅಂದರೆ ಈಗ ನಿಮ್ಮ ಪೆಡಲ್‌ನಲ್ಲಿ ಇರೋದನ್ನೇ ಇನ್ನೊಮ್ಮೆ ಕೊಡುತ್ತಾರೆ. ನಿಮಗೆ ಬೇಕಾದದ್ದು ರೇಡಿಯೋ, ಆಂಪ್ಲಿಫೈಯರ್ ಸಾಮಾನಿನ ಸಾಲಿಗೆ ಸೇರಿದ್ದಲ್ಲ. ಅದು ವಾ ಪೆಡಲ್‌ಗೆಂದೇ ಮಾಡುವ ಪಾಟ್.

ನೀವು ಹೇಳಿದ ಎರಡು ತೊಂದರೆಗಳನ್ನು ಬೇರೆ ಬೇರೆ ಮಾಡಿ ನೋಡೋಣ. ‘ವಾ’ ಬಾರದಿರೋದಕ್ಕೆ ಕಾರಣ ಅಂಗಡಿಯವರು ಹಾಕಿದ ಪಾಟ್. ಅದರಲ್ಲಿ ಸಂಶಯವಿಲ್ಲ. ಆದರೆ ಹೊಸ ಪಾಟ್ ಕೂಡ ಇಷ್ಟು ಬೇಗ ಕರಕರ ಅನ್ನುತ್ತಿದೆ ಅಂದರೆ, ಆ ಸದ್ದು ಮೊದಲಿನಿಂದಲೂ ಪಾಟ್‌ನದ್ದು ಆಗಿರಲಿಕ್ಕಿಲ್ಲ. ಇದನ್ನು ಗೊತ್ತುಮಾಡಿಕೊಳ್ಳದೆ ಹೊರದೇಶದಿಂದ ದುಬಾರಿ ಪಾಟ್ ತರಿಸಿದರೆ ಅದೂ ಹಾಗೇ ಆಗುತ್ತದೆ.

ಈ ಪೆಡಲ್ ಹುಟ್ಟಿದ ರೀತಿ ಗೊತ್ತಿದ್ದರೆ ಪಾಟ್ ಯಾಕಿಷ್ಟು ವಿಚಿತ್ರ ಅನ್ನೋದು ಅರ್ಥವಾಗುತ್ತದೆ. 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರಾಡ್ ಪ್ಲಂಕೆಟ್ ಎಂಬ ಎಂಜಿನಿಯರ್ ವಾಕ್ಸ್ ಆಂಪ್ಲಿಫೈಯರ್‌ನ ಒಂದು ದುಬಾರಿ ಸ್ವಿಚ್ ತೆಗೆದು, ಅದರ ಕೆಲಸವನ್ನು ಅಗ್ಗದ ಪಾಟ್‌ನಿಂದ ಮಾಡಿಸಲು ಹೊರಟಿದ್ದರು. ಪಾಟ್ ತಿರುಗಿಸಿದಂತೆ ‘ವಾ’ ಸದ್ದು ಬಂತು. ಅಲ್ಲಿದ್ದವರಿಗೆ ಅದು ಹಿಡಿಸಿತು. ಕೈಗೆ ಸಿಕ್ಕ ವಾಕ್ಸ್ ಕಾಂಟಿನೆಂಟಲ್ ಆರ್ಗನ್‌ನ ವಾಲ್ಯೂಮ್ ಪೆಡಲ್ ಒಳಗೆ ಆ ಸರ್ಕ್ಯೂಟ್ ಕೂರಿಸಿದರು. 1967ರಲ್ಲಿ ಟ್ರಂಪೆಟ್ ವಾದಕ ಕ್ಲೈಡ್ ಮೆಕಾಯ್ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಈ ಪೆಡಲ್‌ಗೆ ಬಂದ ಕ್ರೈ ಬೇಬಿ ಅನ್ನೋ ಹೆಸರೂ ಅದೇ ಕಾಲದ್ದು. ಇಟಲಿಯಲ್ಲಿ ಇವನ್ನು ಜೆನ್ ಎಂಬ ಕಂಪನಿ ತಯಾರಿಸುತ್ತಿತ್ತು. ನಿಮ್ಮದೂ ಆ ಮನೆತನದ್ದೇ ಇರಬಹುದು. ಕಾಲಿನ ಕೆಳಗಿನ ಹಲ್ಲಿನ ಪಟ್ಟಿ, ಅದು ತಿರುಗಿಸುವ ಸಣ್ಣ ಗೇರ್, ಗೇರ್ ಕೂತ ಪಾಟ್, ಈ ಮೂರೂ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಉಳಿದಿವೆ.

ಈಗ ಒಳಗೆ ಏನು ನಡೆಯುತ್ತದೆ ನೋಡ್ರಿ. ಸರ್ಕ್ಯೂಟ್‌ನಲ್ಲಿ ಸುಮಾರು 500 ಮಿಲಿಹೆನ್ರಿಯ ಒಂದು ಕಾಯಿಲ್, 0.01 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಇರುತ್ತವೆ. ಇವೆರಡೂ ಸೇರಿ ಸುಮಾರು 2,250 ಹರ್ಟ್ಸ್ ಹತ್ತಿರದ ಸ್ವರಗಳನ್ನು ಎತ್ತಿ ಹಿಡಿಯುತ್ತವೆ. ಮುಂಗಾಲು ಪೂರ್ತಿ ಒತ್ತಿದಾಗ ಕೇಳುವ ಚೂಪಾದ ಸದ್ದು ಇದೇ. ಹಿಮ್ಮಡಿಯ ಕಡೆಗೆ ಬಂದಂತೆ ಪಾಟ್ ಮೂಲಕ ಎರಡನೇ ಟ್ರಾನ್ಸಿಸ್ಟರ್‌ಗೆ ಸಿಗ್ನಲ್ ಜಾಸ್ತಿ ಹೋಗುತ್ತದೆ. ಆ ಟ್ರಾನ್ಸಿಸ್ಟರ್ ಅದೇ ಕೆಪಾಸಿಟರ್‌ನ ಇನ್ನೊಂದು ತುದಿಯನ್ನು ಅಲ್ಲಾಡಿಸುವುದರಿಂದ, ಕೆಪಾಸಿಟರ್ ಇದ್ದದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಕಾಯಿಲ್‌ಗೆ ಕಾಣುತ್ತದೆ. 25 ಪಟ್ಟು ದೊಡ್ಡದಾಗಿ ಕಂಡರೆ ಎತ್ತಿ ಹಿಡಿಯುವ ಜಾಗ 450 ಹರ್ಟ್ಸ್‌ಗೆ ಇಳಿಯುತ್ತದೆ. ಹಿಮ್ಮಡಿ ಒತ್ತಿದಾಗಿನ ಮಂದ ‘ವೂ’ ಅದು.

ಇಲ್ಲೇ ಇರೋದು ಗುಟ್ಟು. ಪಾಟ್ ಎಷ್ಟು ಸಿಗ್ನಲ್ ಕಳಿಸುತ್ತದೋ ಅದಕ್ಕೆ ಸರಿಸಮನಾಗಿ ಸದ್ದು ಬದಲಾಗಲ್ಲ. ಅಂಗಡಿಯವರು ಹಾಕಿದ ಪಾಟ್‌ನ ಬೆನ್ನ ಮೇಲೆ ‘ಬಿ100ಕೆ’ ಎಂದು ಅಚ್ಚಾಗಿದೆಯಾ ನೋಡಿ. ನನ್ನ ಅಂದಾಜು, ಅದೇ ಇರುತ್ತದೆ. ಬಿ ಅಂದರೆ ಲೀನಿಯರ್. ಅರ್ಧ ತಿರುಗಿಸಿದರೆ ಅರ್ಧ, ಮುಕ್ಕಾಲು ತಿರುಗಿಸಿದರೆ ಮುಕ್ಕಾಲು. ಅದು ಹಿಮ್ಮಡಿಯಿಂದ ಮುಂಗಾಲಿನವರೆಗೆ ಪೂರ್ತಿ ತಿರುಗುತ್ತದೆ ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿ. 450ರಿಂದ ಹೊರಟ ಸದ್ದು ಅರ್ಧ ದಾರಿಯಲ್ಲಿ ಸುಮಾರು 620 ಹರ್ಟ್ಸ್‌ಗೆ ಬಂದಿರುತ್ತದೆ, ಅಷ್ಟೇ. ಮುಕ್ಕಾಲು ದಾರಿಯಲ್ಲಿ 850. ಉಳಿದ ಸ್ವಲ್ಪ ಜಾಗದಲ್ಲೇ 850ರಿಂದ 2,250ಕ್ಕೆ ಹಾರಬೇಕು. ‘ಮುಕ್ಕಾಲು ಭಾಗದವರೆಗೆ ಏನೂ ಗೊತ್ತಾಗಲ್ಲ, ಕೊನೆಗೆ ಒಮ್ಮೆಲೇ ಕೀರಲು’ ಅಂತ ನೀವು ಬರೆದದ್ದು ಇದನ್ನೇ. ನಿಮ್ಮ ಕಿವಿ ಸರಿಯಾಗಿಯೇ ಕೇಳಿದೆ.

ಇದರ ಮೇಲೆ ಇನ್ನೊಂದು ತೊಡಕು ಇದೆ. ಪಾಟ್‌ನ ಶಾಫ್ಟ್ ಕೈಯಲ್ಲಿ ತಿರುಗಿಸಿದರೆ ಸುಮಾರು 270ರಿಂದ 300 ಡಿಗ್ರಿ ತಿರುಗುತ್ತದೆ. ಆದರೆ ಪೆಡಲ್‌ನ ಹಲ್ಲಿನ ಪಟ್ಟಿ ಚಿಕ್ಕದು. ಅದು ಪಾಟನ್ನು ಆ ಪೂರ್ತಿ ಸುತ್ತು ತಿರುಗಿಸಲ್ಲ. ಹೀಗಾಗಿ ಲೀನಿಯರ್ ಪಾಟ್ ಹಾಕಿದರೆ, ಕಲಬುರಗಿಯಿಂದ ಹುಮನಾಬಾದ್‌ಗೆ ಟಿಕೆಟ್ ತೆಗೆಸಿ ನಡುದಾರಿಯ ಕಮಲಾಪುರದಲ್ಲೇ ಇಳಿದಂತೆ ಆಗುತ್ತದೆ. ಮುಂಗಾಲಿನ ತುದಿಗೆ ಸರಿಯಾಗಿ ಹೊಂದಿಸಿದರೆ ಹಿಮ್ಮಡಿಯ ಮಂದ ಸದ್ದು ಸಿಗಲ್ಲ, ಹಿಮ್ಮಡಿಗೆ ಹೊಂದಿಸಿದರೆ ಮುಂಗಾಲಿನ ಚೂಪು ಸಿಗಲ್ಲ.

ಹಳೆಯ ವಾ ಪೆಡಲ್‌ಗಳಲ್ಲಿ ಇದ್ದ ಇಟಲಿಯ ಐಕಾರ್ ಪಾಟ್ ಈ ಎರಡೂ ತೊಡಕನ್ನು ಒಟ್ಟಿಗೆ ಬಿಡಿಸುತ್ತಿತ್ತು. ಅದೂ 100ಕೆ ಪಾಟೇ. ಆದರೆ ಅದರ ಬದಲಾವಣೆ ಎಸ್ ಆಕಾರದ್ದು. ಶುರುವಿನಲ್ಲಿ ಸುಮಾರು ಹೊತ್ತು ಏನೂ ಬದಲಾಗದಂತೆ ಇರುತ್ತದೆ, ಮಧ್ಯದಲ್ಲಿ ಜೋರಾಗಿ ಇಳಿಯುತ್ತದೆ, ಕೊನೆಯಲ್ಲಿ ಮತ್ತೆ ನಿಧಾನ. ಕೆಲಸವೆಲ್ಲ ಮಧ್ಯದ ಸುತ್ತಿನಲ್ಲೇ ಮುಗಿಯುವುದರಿಂದ ಚಿಕ್ಕ ಪಟ್ಟಿ ಸಾಕಾಗುತ್ತದೆ. ಕೊನೆಯಲ್ಲಿ ನಿಧಾನ ಆಗುವುದರಿಂದ ಚೂಪಾದ ಸ್ವರಗಳು ಒಂದೇ ಕಡೆ ಗುಂಪುಗೂಡದೆ ಕಾಲಿನ ಕೆಳಗೆ ಹರಡಿಕೊಳ್ಳುತ್ತವೆ. ಐಕಾರ್ ಅನ್ನೋದು ಆ ಪಾಟ್ ಮಾಡಿದವರ ಹೆಸರು. ಈಗ ಈ ಎಸ್ ಆಕಾರಕ್ಕೇ ‘ಐಕಾರ್ ಟೇಪರ್’ ಎಂಬ ಹೆಸರು ಉಳಿದುಬಿಟ್ಟಿದೆ. ನೀವು ಹುಡುಕಬೇಕಾದ ಮಾತೂ ಅದೇ.

ಹಾಗಾದರೆ ಹಳೆಯ ಅಸಲಿ ಐಕಾರ್ ಹುಡುಕಬೇಕಾ? ಬೇಡ ಅಂತ ನನ್ನ ಖಚಿತ ಅಭಿಪ್ರಾಯ. ಹಳೆಯದು ಅಂದರೆ ಇಷ್ಟು ವರ್ಷ ಇಂಗಾಲದ ಪದರದ ಮೇಲೆ ಲೋಹದ ನಾಲಿಗೆ ಉಜ್ಜಿ ಉಜ್ಜಿ ಸವೆದದ್ದು. ಬಳಸದೆ ಡಬ್ಬಿಯಲ್ಲಿ ಉಳಿದದ್ದು ಸಿಕ್ಕರೆ ಬೇರೆ ಮಾತು. ಆದರೆ ಅಂಥದ್ದಕ್ಕೆ ಹಳೆಯ ಸಾಮಾನು ಕೂಡಿಡುವವರು ಕೊಡುವ ಬೆಲೆ ಗಿಟಾರ್ ನುಡಿಸುವವರ ಜೇಬಿಗೆ ತಕ್ಕದ್ದಲ್ಲ. ಹೊಸದಾಗಿ ಮಾಡಿದ ಒಳ್ಳೆಯ ವಾ ಪಾಟ್ ಹಾಕಿ, ಸರಿಯಾಗಿ ಕೂರಿಸಿದರೆ ವೇದಿಕೆ ಮೇಲೆ ವ್ಯತ್ಯಾಸ ಕೇಳಿಸಲ್ಲ.

ಒಂದು ಮಾತು ಮಾತ್ರ ಮರೀಬೇಡಿ. ಅಂಗಡಿಯವರು ಬಿಚ್ಚಿದ ಹಳೆಯ ಪಾಟ್ ವಾಪಸ್ ಕೇಳಿ ಇಸಿದುಕೊಳ್ಳಿ. ಇನ್ನೂ ಎಸೆದಿರಲಿಕ್ಕಿಲ್ಲ, ರಿಪೇರಿ ಅಂಗಡಿಗಳಲ್ಲಿ ಏನನ್ನೂ ಎಸೆಯಲ್ಲ ಅಲ್ವಾ? ಹೊಸ ಪಾಟ್‌ನ ಶಾಫ್ಟ್, ಗೇರ್, ನಟ್ ಎಲ್ಲದಕ್ಕೂ ಅಳತೆ ಸಿಗುವುದು ಅದರಲ್ಲೇ. ಮುಂದೆ ಯಾವಾಗಲಾದರೂ ಪೆಡಲ್ ಮಾರುವ ಯೋಚನೆ ಬಂದರೂ ಅಸಲಿ ಪಾಟ್ ಜೊತೆಗಿದ್ದರೆ ಬೆಲೆ ಬೇರೆ. ಅದಕ್ಕಿಂತ ಮುಖ್ಯ, ಅದು ನಿಜವಾಗಿ ಕೆಟ್ಟಿತ್ತಾ ಅಂತಲೇ ನಮಗಿನ್ನೂ ಗೊತ್ತಿಲ್ಲ.

ಅದಕ್ಕೇ ಈಗ ಕರಕರದ ವಿಚಾರ. ಪಾಟ್‌ನ ಎರಡೂ ಕಡೆ 0.22 ಮೈಕ್ರೋಫ್ಯಾರಡ್‌ನ ಕೆಪಾಸಿಟರ್‌ಗಳಿರುತ್ತವೆ. ಒಂದು ಮೊದಲನೇ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಮತ್ತು ಪಾಟ್‌ನ ಮೇಲ್ತುದಿಯ ನಡುವೆ, ಇನ್ನೊಂದು ಪಾಟ್‌ನ ಮಧ್ಯದ ಪಿನ್ ಮತ್ತು ಎರಡನೇ ಟ್ರಾನ್ಸಿಸ್ಟರ್‌ನ ಬೇಸ್ ನಡುವೆ. ಬ್ಯಾಟರಿಯ ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್, ಪಾಟ್‌ಗೆ ಬಾರದಂತೆ ತಡೆದು, ಗಿಟಾರಿನ ಸಿಗ್ನಲ್ ಮಾತ್ರ ಬಿಡುವುದು ಅವುಗಳ ಕೆಲಸ. ವಯಸ್ಸಾದ ಕೆಪಾಸಿಟರ್ ಸೋರಲು ಶುರುಮಾಡಿದರೆ ಪಾಟ್ ಮೇಲೆ ಡಿಸಿ ಬರುತ್ತದೆ. ಡಿಸಿ ಇರುವ ಪಾಟ್ ಹೊಸದಿದ್ದರೂ ತಿರುಗಿಸಿದಾಗ ಕರಕರ ಅನ್ನುತ್ತದೆ. ಎಷ್ಟು ಸೋರಿದರೆ ಅನ್ನುತ್ತೀರಾ? ಒಂದೇ ಒಂದು ಮೈಕ್ರೋ ಆಂಪಿಯರ್ 100ಕೆ ಪಾಟ್ ಮೂಲಕ ಹರಿದರೆ 100 ಮಿಲಿವೋಲ್ಟ್. ಗಿಟಾರಿನ ಸಿಗ್ನಲ್ ಕೂಡ ಅದೇ ಮಟ್ಟದ್ದು.

ಇದನ್ನು ನೋಡೋದು ಸುಲಭ. ತಳದ ನಾಲ್ಕು ರಬ್ಬರ್ ಕಾಲುಗಳ ಸ್ಕ್ರೂ ಬಿಚ್ಚಿದರೆ ತಗಡು ಕೈಗೆ ಬರುತ್ತದೆ. ಹೊಸ 9 ವೋಲ್ಟ್ ಬ್ಯಾಟರಿ ಹಾಕಿ. ಗಿಟಾರ್ ಕಡೆಯ ಜ್ಯಾಕ್‌ನಲ್ಲಿ ಕೇಬಲ್ ಚುಚ್ಚಿ, ಇಲ್ಲದಿದ್ದರೆ ಬ್ಯಾಟರಿ ಆನ್ ಆಗಲ್ಲ. ಮಲ್ಟಿಮೀಟರನ್ನು ಡಿಸಿಗೆ, 2 ವೋಲ್ಟ್ ರೇಂಜ್‌ಗೆ ಇಡಿ. ಕಪ್ಪು ತಂತಿಯನ್ನು ಜ್ಯಾಕ್‌ನ ಗ್ರೌಂಡಿಗೆ ಹಿಡಿದು, ಕೆಂಪು ತಂತಿಯನ್ನು ಪಾಟ್‌ನ ಮೂರೂ ಪಿನ್‌ಗಳಿಗೆ ಒಂದೊಂದಾಗಿ ಮುಟ್ಟಿಸಿ. ಆಗ ಪೆಡಲನ್ನು ಹಿಂದೆ ಮುಂದೆ ಆಡಿಸುತ್ತಾ ಇರಿ. ಎಲ್ಲ ಕಡೆ ಸೊನ್ನೆ ಅಥವಾ ಒಂದೆರಡು ಮಿಲಿವೋಲ್ಟ್ ತೋರಿಸಿದರೆ ಕೆಪಾಸಿಟರ್ ಸರಿಯಿದೆ. ಹತ್ತಾರು, ನೂರಾರು ಮಿಲಿವೋಲ್ಟ್ ಬಂದರೆ ಕಳ್ಳ ಸಿಕ್ಕ. ಎರಡೂ ಕೆಪಾಸಿಟರ್ ಬದಲಿಸಿ. ಎರಡೂ ಸೇರಿ ಒಂದು ಚಹಾದ ದುಡ್ಡೂ ಆಗಲಿಕ್ಕಿಲ್ಲ. ಪಾಲಿಯೆಸ್ಟರ್ ಫಿಲ್ಮ್ ಕೆಪಾಸಿಟರ್ ತಗೊಳ್ಳಿ. 0.22 ಬದಲು ಕೈಗೆ ಸಿಕ್ಕ ಬೇರೆ ಬೆಲೆಯದು ಹಾಕಬೇಡಿ.

ಮೀಟರ್ ಸೊನ್ನೆ ತೋರಿಸಿ, ಆದರೂ ಕರಕರ ಇದ್ದರೆ ಆಗ ಪಾಟ್ ನೋಡಬೇಕು. ಇದಕ್ಕೆ ಡಿಜಿಟಲ್ ಮೀಟರ್‌ಗಿಂತ ಮುಳ್ಳಿನ ಹಳೆಯ ಮೀಟರ್ ಒಳ್ಳೆಯದು. ಬ್ಯಾಟರಿ ತೆಗೆಯಿರಿ. ಪಾಟ್‌ನ ಮೂರೂ ತಂತಿಗಳನ್ನು ಬಿಡಿಸಿ, ಇಲ್ಲದಿದ್ದರೆ ಸರ್ಕ್ಯೂಟ್‌ನ ಉಳಿದ ಭಾಗಗಳೂ ಅಳತೆಯಲ್ಲಿ ಸೇರಿಬಿಡುತ್ತವೆ. ಬಿಡಿಸುವ ಮೊದಲು ಯಾವ ಬಣ್ಣದ ತಂತಿ ಎಲ್ಲಿತ್ತು ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಒಂದು ಕೊನೆಯ ಪಿನ್ ಮತ್ತು ಮಧ್ಯದ ಪಿನ್ ನಡುವೆ ಮೀಟರ್ ಹಿಡಿದು ಶಾಫ್ಟನ್ನು ತೀರಾ ನಿಧಾನ ತಿರುಗಿಸಿ. ಮುಳ್ಳು ನಡುವೆ ಎಲ್ಲೂ ಹಾರಬಾರದು, ಒದ್ದಾಡಬಾರದು. ಒಂದೇ ಜಾಗದಲ್ಲಿ ಪ್ರತಿ ಸಾರಿ ಹಾರಿದರೆ ಅಲ್ಲಿ ಇಂಗಾಲದ ಪದರ ಸವೆದಿದೆ, ಅದಕ್ಕೆ ಮದ್ದಿಲ್ಲ. ಅಲ್ಲಲ್ಲಿ, ಬೇರೆ ಬೇರೆ ಜಾಗದಲ್ಲಿ ನಡುಗಿದರೆ ಬರೀ ಕೊಳೆ. ಎರಡು ಕೊನೆಯ ಪಿನ್‌ಗಳ ನಡುವೆ 100ಕೆ ಸರಿಯಾಗಿ ತೋರಿಸಿತು ಅಂತ ಪಾಟ್ ಚೆನ್ನಾಗಿದೆ ಎಂದು ನಂಬಬೇಡಿ. ಸವೆದ ಪಾಟ್ ಕೂಡ ಅಷ್ಟೇ ತೋರಿಸುತ್ತದೆ.

ಕೊಳೆಯ ವಿಷಯಕ್ಕೆ ಬಂದರೆ, ನಮ್ಮ ಕಡೆ ಎರೆಮಣ್ಣಿನ ಧೂಳು ಎಲ್ಲೆಲ್ಲಿ ನುಗ್ಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಹಳೆಯ ಗ್ರೀಸ್ ಕರಗಿ ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ಇದಕ್ಕೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬಳಸಿ. ಪಾಟ್‌ನ ಪಿನ್‌ಗಳ ಹತ್ತಿರದ ಸಂದಿಯಿಂದ ಒಂದು ಸಣ್ಣ ಸಿಂಪಡಣೆ ಸಾಕು. ಆಮೇಲೆ ಶಾಫ್ಟನ್ನು ಕೊನೆಯಿಂದ ಕೊನೆಗೆ ಹಲವು ಸಾರಿ ತಿರುಗಿಸಿ ಒಣಗಲು ಬಿಡಿ. ಸೀಮೆಎಣ್ಣೆ, ಪೆಟ್ರೋಲ್, ಹೊಲಿಗೆ ಯಂತ್ರದ ಎಣ್ಣೆ ಹಾಕುವ ರೂಢಿ ಇನ್ನೂ ಇದೆ. ಹಾಕಿದ ದಿನ ಸದ್ದು ನಿಲ್ಲುತ್ತದೆ, ಆಮೇಲೆ ಆ ಎಣ್ಣೆಯೇ ಧೂಳು ಹಿಡಿದಿಡುತ್ತದೆ. ಬೇಡ.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಚಿಕ್ಕಪ್ಪನವರ ಹಳೆಯ ಪಾಟೇ ಚೆನ್ನಾಗಿದೆ ಅಂತ ಗೊತ್ತಾಗಲೂಬಹುದು. ಹಾಗಾದರೆ ಅದನ್ನೇ ವಾಪಸ್ ಹಾಕಿ, ಕೆಪಾಸಿಟರ್ ಬದಲಿಸಿ, ಕೆಲಸ ಮುಗಿಯಿತು. ಸವೆದಿದ್ದರೆ ಮುಂದೆ ಓದಿ.

ಕೊಳ್ಳಲು ಮೊದಲ ದಾರಿ ಡನ್‌ಲಪ್ ಕಂಪನಿಯ ಹಾಟ್ ಪಾಟ್ಸ್, 100ಕೆ. ಈಗ ಕ್ರೈ ಬೇಬಿ ಮಾಡುವವರು ಇವರೇ, ಹಾಗಾಗಿ ಬಿಡಿಭಾಗವೂ ಇವರ ಹತ್ತಿರ ಸಿಗುತ್ತದೆ. ಮುಂಬೈ, ಬೆಂಗಳೂರಿನ ದೊಡ್ಡ ವಾದ್ಯದ ಅಂಗಡಿಗಳು, ಬಜಾವೋದಂತಹ ಆನ್‌ಲೈನ್ ಅಂಗಡಿಗಳು ಡನ್‌ಲಪ್ ಸಾಮಾನು ಮಾರುತ್ತವೆ. ಪಟ್ಟಿಯಲ್ಲಿ ಪಾಟ್ ಕಾಣದಿದ್ದರೆ ಫೋನ್ ಮಾಡಿ ತರಿಸಿಕೊಡುತ್ತೀರಾ ಅಂತ ಕೇಳಿ. ಎರಡನೆಯದು ಹೊರದೇಶದ ಬಿಡಿಭಾಗದ ಅಂಗಡಿಗಳಲ್ಲಿ ‘ವಾ ಪಾಟ್ 100ಕೆ, ಐಕಾರ್ ಟೇಪರ್’ ಅಂತ ಮಾರುವವು. ಆರ್‌ಎಂಸಿ ಎಂಬ ಕಂಪನಿಯವರು ರಾಕ್-ಪಾಟ್ ಎಂಬ ಹೆಸರಲ್ಲಿ ಮಾಡಿದ್ದಕ್ಕೂ ಒಳ್ಳೆಯ ಹೆಸರಿದೆ. ಪಾಟ್ ಬೆಲೆಗಿಂತ ಅಂಚೆ ಮತ್ತು ಕಸ್ಟಮ್ಸ್ ಖರ್ಚು ಜಾಸ್ತಿ ಆಗುವ ಸಾಧ್ಯತೆ ಇದೆ. ನಿಮ್ಮ ಊರಲ್ಲಿ ಇನ್ನಾರಿಗಾದರೂ ಬೇಕಿದ್ದರೆ ಒಟ್ಟಿಗೆ ತರಿಸಿ.

ಮೂರನೆಯ ದಾರಿ ನನಗೆ ಇಷ್ಟವಾದದ್ದು. ಕೆಟ್ಟುಹೋದ ಹೊಸ ಕಾಲದ ಕ್ರೈ ಬೇಬಿ ಸಿಕ್ಕರೆ ಬಿಡಬೇಡಿ. ಸ್ವಿಚ್ ಹೋಗಿ, ಜ್ಯಾಕ್ ಮುರಿದು ಮೂಲೆ ಸೇರಿದ ಪೆಡಲ್‌ಗಳು ಆರ್ಕೆಸ್ಟ್ರಾದವರ ಟ್ರಂಕ್‌ಗಳಲ್ಲಿ, ಕಾಲೇಜು ಬ್ಯಾಂಡ್ ಬಿಟ್ಟು ಕೆಲಸಕ್ಕೆ ಸೇರಿದ ಹುಡುಗರ ಮನೆಯಲ್ಲಿ ಇದ್ದೇ ಇರುತ್ತವೆ. ಪಾಟ್, ಗೇರ್ ಎರಡೂ ಒಟ್ಟಿಗೆ ಸಿಗುತ್ತವೆ. ಗಣೇಶ ಹಬ್ಬದ ಸೀಸನ್ ಮುಗಿದ ಮೇಲೆ ವಿಚಾರಿಸಿ, ಆಗ ಹಳೆಯ ಸಾಮಾನು ಹೊರಗೆ ಬರುತ್ತದೆ. ಮೀಟರ್ ಜೊತೆ ಒಯ್ಯಿರಿ.

ಕೋಠಿ, ಬೆಂಗಳೂರಿನ ಎಸ್‌.ಪಿ. ರೋಡ್, ಮುಂಬೈನ ಲ್ಯಾಮಿಂಗ್ಟನ್ ರೋಡ್ ಇವೆಲ್ಲ ಕೆಪಾಸಿಟರ್, ಕಾಂಟ್ಯಾಕ್ಟ್ ಕ್ಲೀನರ್, ಜ್ಯಾಕ್‌ಗೆ ಸರಿ. ಎಸ್ ಟೇಪರ್ ಪಾಟ್‌ಗೆ ಅಲ್ಲ.

ಬರುವ ವಾರವೇ ಕಾರ್ಯಕ್ರಮ ಇದೆ, ಪಾಟ್ ಬರೋವರೆಗೆ ಕಾಯೋಕಾಗಲ್ಲ ಅಂದರೆ ಒಂದು ತಾತ್ಕಾಲಿಕ ಉಪಾಯವಿದೆ. ಲೀನಿಯರ್ ಬದಲು ‘ಎ100ಕೆ’, ಅಂದರೆ ಲಾಗ್ ಪಾಟ್ ಹಾಕಿ. ಇದರಲ್ಲಿ ಅರ್ಧ ತಿರುಗಿಸಿದಾಗ ಹತ್ತು, ಹದಿನೈದು ಶೇಕಡಾ ಮಾತ್ರ ಇರುತ್ತದೆ. ಹಿಂದಿನ ಲೆಕ್ಕದ ಪ್ರಕಾರ ನಡುಮಧ್ಯದಲ್ಲಿ ಸದ್ದು 1,100 ಹರ್ಟ್ಸ್ ಆಸುಪಾಸಿಗೆ ಬರುತ್ತದೆ. ಇದು ಕಿವಿಗೆ ಸರಿಯಾದ ಮಧ್ಯ. ಆದರೆ ಒಂದು ಷರತ್ತು. ಪೆಡಲನ್ನು ಮುಂಗಾಲಿನ ಕಡೆ ಒತ್ತುತ್ತಾ, ಶಾಫ್ಟನ್ನು ಗೇರ್ ಕಡೆಯಿಂದ ನೋಡಿ. ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿದರೆ ಮಾತ್ರ ಎ ಸರಿಹೊಂದುತ್ತದೆ. ಗಡಿಯಾರದ ದಿಕ್ಕಿನಲ್ಲಿ ತಿರುಗಿದರೆ ‘ಸಿ100ಕೆ’, ಅಂದರೆ ಉಲ್ಟಾ ಲಾಗ್ ಬೇಕು. ಅದು ನಮ್ಮ ಕಡೆ ಅಪರೂಪ. ಕೊನೆಯ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಆಯಿತಲ್ಲ ಅನ್ನಬೇಡಿ. ಹಾಗೆ ಮಾಡಿದರೆ ಹಿಮ್ಮಡಿಯಲ್ಲಿ ಚೂಪು, ಮುಂಗಾಲಿನಲ್ಲಿ ಮಂದ ಆಗಿ ಪೆಡಲೇ ತಿರುಗುಮುರುಗಾಗುತ್ತದೆ. ಇನ್ನು, ಎ, ಬಿ ಅಕ್ಷರಗಳ ಈ ಅರ್ಥ ಈಗಿನ ಪಾಟ್‌ಗಳಿಗೆ ಮಾತ್ರ. ಹಳೆಯ ಯುರೋಪಿನ ಪಾಟ್‌ಗಳಲ್ಲಿ ಅವೇ ಅಕ್ಷರಗಳಿಗೆ ಬೇರೆ ಅರ್ಥವಿತ್ತು. ಹಳೆಯದನ್ನು ಮೀಟರ್‌ನಿಂದಲೇ ತಿಳಿಯಬೇಕು.

ಲೀನಿಯರ್ ಪಾಟ್‌ಗೆ ಮಧ್ಯದ ಪಿನ್‌ನಿಂದ ಎರಡೂ ಕಡೆ ರೆಸಿಸ್ಟರ್ ಹಾಕಿ ಎಸ್ ಮಾಡಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದರಿಂದ ಬರೋದು ಎಸ್‌ನ ಉಲ್ಟಾ. 100ಕೆ ಲೀನಿಯರ್‌ಗೆ ಎರಡೂ ಕಡೆ 10ಕೆ ಹಾಕಿದರೆ, ಕಾಲು ಭಾಗ ತಿರುಗಿಸುವಷ್ಟರಲ್ಲೇ ಶೇಕಡಾ 45 ಆಗಿಬಿಡುತ್ತದೆ. ಮುಕ್ಕಾಲು ಭಾಗ ತಿರುಗಿಸಿದಾಗ ಶೇಕಡಾ 55. ನಮಗೆ ಎಲ್ಲಿ ಜೋರು ಬೇಕೋ ಅಲ್ಲಿ ಸತ್ತಂತೆ, ಎಲ್ಲಿ ನಿಧಾನ ಬೇಕೋ ಅಲ್ಲಿ ಜೋರು. 100ಕೆ ಸಿಗಲಿಲ್ಲ ಅಂತ 10ಕೆ ಪಾಟ್ ಹಾಕುವುದೂ ತಪ್ಪು. ಪಾಟ್‌ನ ಮೇಲ್ತುದಿಯಿಂದಲೇ ಔಟ್‌ಪುಟ್ ಹೋಗುತ್ತದೆ, 10ಕೆ ಹಾಕಿದರೆ ಮೊದಲನೇ ಟ್ರಾನ್ಸಿಸ್ಟರ್ ಮೇಲೆ ಭಾರ ಬಿದ್ದು ಸದ್ದೇ ಕುಗ್ಗುತ್ತದೆ.

ಕೊಳ್ಳುವ ಮುಂಚೆ ವರ್ನಿಯರ್‌ನಿಂದ ಹಳೆಯ ಶಾಫ್ಟಿನ ದಪ್ಪ ಅಳೆಯಿರಿ. ಅಮೆರಿಕದ ಅಳತೆ ಕಾಲು ಇಂಚು, ಅಂದರೆ 6.35 ಮಿ.ಮೀ. ನಮ್ಮಲ್ಲಿ ಸಿಗುವವು 6 ಮಿ.ಮೀ. ಈ ಚೂರು ವ್ಯತ್ಯಾಸಕ್ಕೆ ಗೇರ್ ಒಂದೋ ಕೂರಲ್ಲ, ಇಲ್ಲವೇ ಸಡಿಲವಾಗಿ ಅಲ್ಲಾಡುತ್ತದೆ. ಅಲ್ಲಾಡುವ ಗೇರ್‌ಗೆ ಫೆವಿಕ್ವಿಕ್ ಹಾಕಿ ಅಂಟಿಸಿದ ಪೆಡಲ್‌ಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಅಂಟು ಹರಿದು ಪಾಟ್ ಒಳಗೆ ಇಳಿದರೆ ಮುಗಿಯಿತು. ಗೇರ್‌ನ ಹಲ್ಲುಗಳು ನಿಮ್ಮ ಪಟ್ಟಿಯ ಹಲ್ಲಿಗೆ ಕೂಡಬೇಕು. ಗೇರ್ ಜೊತೆಗೇ ಬರುತ್ತಾ, ಬೇರೆ ಕೊಳ್ಳಬೇಕಾ ಅಂತ ಮೊದಲೇ ಕೇಳಿ. ಪಾಟ್ ಕೂರುವ ತೂತಿನ ಅಗಲವನ್ನೂ ನೋಡಿ. 16 ಮಿ.ಮೀ.ನ ಸಣ್ಣ ಪಾಟ್‌ಗಳ ಕೊರಳು ಅದರಲ್ಲಿ ಸಡಿಲವಾಗಿ ಅಲ್ಲಾಡುವ ಸಾಧ್ಯತೆ ಇದೆ.

ಜೋಡಿಸುವಾಗ 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಸಾಕು. ಪಿನ್ ಮೇಲೆ ಜಾಸ್ತಿ ಹೊತ್ತು ಹಿಡಿಯಬೇಡಿ, ಬಿಸಿ ನೇರ ಇಂಗಾಲದ ಪದರಕ್ಕೆ ಹೋಗುತ್ತದೆ. ತಂತಿ ಬೆಸೆಯುವ ಮೊದಲೇ ಗೇರ್ ಹೊಂದಿಸುವುದು ಒಳ್ಳೆಯದು, ಮೀಟರ್‌ನಲ್ಲಿ ನೋಡುತ್ತಾ ಮಾಡಬಹುದು. ಪಟ್ಟಿಯನ್ನು ಗೇರ್‌ಗೆ ಒತ್ತಿ ಹಿಡಿಯುವ ಸಣ್ಣ ತುಂಡನ್ನು ಸಡಿಲಿಸಿ. ಮುಂಗಾಲು ಪೂರ್ತಿ ಒತ್ತಿ, ಶಾಫ್ಟನ್ನು ಅದರ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಒಂದು ಹಲ್ಲು ಹಿಂದೆ ತಂದು ಪಟ್ಟಿಗೆ ಕೂಡಿಸಿ. ಆ ಒಂದು ಹಲ್ಲು ಬಿಡಲೇಬೇಕು. ಪೆಡಲ್ ನಿಲ್ಲುವ ಮುಂಚೆ ಪಾಟ್ ತನ್ನ ಕೊನೆ ಮುಟ್ಟಿದರೆ, ನಿಮ್ಮ ಇಡೀ ಕಾಲಿನ ಭಾರ ಪಾಟ್ ಒಳಗಿನ ಸಣ್ಣ ತಡೆಯ ಮೇಲೆ ಬೀಳುತ್ತದೆ. ಬೇಗನೇ ಮುರಿಯುತ್ತದೆ. ಎಸ್ ಟೇಪರ್‌ನಲ್ಲಿ ಕೊನೆಯ ಭಾಗ ಹೇಗೂ ನಿಧಾನವಾದ್ದರಿಂದ ಒಂದು ಹಲ್ಲಿಗೆ ಸದ್ದಿನಲ್ಲಿ ಏನೂ ನಷ್ಟವಿಲ್ಲ. ಆಮೇಲೆ ಹಿಮ್ಮಡಿ ಒತ್ತಿ ಅಲ್ಲೂ ಶಾಫ್ಟ್ ಸಿಕ್ಕಿಕೊಳ್ಳುತ್ತಿಲ್ಲ ಅಂತ ನೋಡಿ.

ತಂತಿ ಬೆಸೆದು, ಆಂಪ್‌ಗೆ ಹಾಕಿ ಒಂದೇ ಕಾರ್ಡ್ ಮತ್ತೆ ಮತ್ತೆ ಬಾರಿಸುತ್ತಾ ಪೆಡಲ್ ಆಡಿಸಿ. ಚೂಪು ತೀರಾ ಬೇಗ ಬಂದರೆ ಒಂದು ಹಲ್ಲು ಈ ಕಡೆ, ತಡವಾಗಿ ಬಂದರೆ ಒಂದು ಹಲ್ಲು ಆ ಕಡೆ. ಕಾರ್ಖಾನೆಯಿಂದ ಬಂದ ಪೆಡಲ್‌ಗಳೂ ಒಂದೊಂದು ಒಂದೊಂದು ಥರ ಇರುತ್ತವೆ. ನಿಮ್ಮ ಚಿಕ್ಕಪ್ಪನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದರೆ ಬೇಗ ಮುಗಿಯುತ್ತದೆ. ಆ ಪೆಡಲ್ ಮೊದಲು ಹೇಗೆ ಕೇಳುತ್ತಿತ್ತು ಅನ್ನೋದು ಅವರಿಗೆ ಗೊತ್ತಿರುತ್ತದಲ್ಲ.

ಕೊನೆಗೆ ಒತ್ತುವ ತುಂಡನ್ನು ಬಿಗಿ ಮಾಡುವಾಗ ಪಟ್ಟಿ ಗೇರ್‌ಗೆ ತಾಕಿಕೊಂಡಿರಬೇಕು, ಆದರೆ ಹಿಂಡುವಂತಿರಬಾರದು. ಜಾಸ್ತಿ ಬಿಗಿ ಮಾಡಿದರೆ ಶಾಫ್ಟ್ ಒಂದು ಕಡೆಗೆ ಎಳೆದು ಪಾಟ್‌ನ ಕೊರಳು ಸವೆಯುತ್ತದೆ. ಪಟ್ಟಿಗೆ ಪ್ಲಾಸ್ಟಿಕ್ ಭಾಗಗಳಿಗೆ ಹಾಕುವ ಬಿಳಿ ಗ್ರೀಸ್ ಒಂದು ಚಿಟಿಕೆ ಸವರಿ, ಪಾಟ್ ಕಡೆಗೆ ಹರಿಯದಂತೆ ನೋಡಿಕೊಳ್ಳಿ. ನುಡಿಸಿ ಮುಗಿದ ಮೇಲೆ ಗಿಟಾರ್ ಕಡೆಯ ಕೇಬಲ್ ಕಿತ್ತಿಡಿ, ಇಲ್ಲದಿದ್ದರೆ ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ. ತಿಂಗಳುಗಟ್ಟಲೆ ಬಳಸಲ್ಲ ಅಂದರೆ ಬ್ಯಾಟರಿಯನ್ನೇ ತೆಗೆದುಬಿಡಿ. ಅದು ಸೋರಿದರೆ ಪಾಟ್ ಅಲ್ಲ, ಇಡೀ ಬೋರ್ಡೇ ಹೋಗುತ್ತದೆ.